ನಾನಿಲ್ಲದ ‘ನಾವು’

ನಿಮಗೆ ಯಾವತ್ತಾದರೂ ಹೀಗೆ ಆಗಿದೆಯಾ? ಎದುರಿಗಿದ್ದವರು ಬೈದಿರುವುದಿಲ್ಲ, ಕೂಗಿರುವುದಿಲ್ಲ. ಹಬ್ಬದ ಬಗ್ಗೆಯೋ ಅಡುಗೆಯ ಬಗ್ಗೆಯೋ ಏನೋ ಹೇಳುತ್ತಿರುತ್ತಾರೆ. ಅದರ ನಡುವೆ ಒಂದು ಪುಟ್ಟ ಪದ ಬಂದು ಹೋಗುತ್ತದೆ. ಅಷ್ಟರಲ್ಲೇ ನಿಮಗೆ ಎಲ್ಲ ಮುಗಿಯಿತು ಅಂತ ಗೊತ್ತಾಗಿಬಿಡುತ್ತದೆ. ಆಗಿದೆಯಾ? ಆಗಿದ್ದರೆ ಕೊನೆಯವರೆಗೆ ಓದಿ. ಆಗದಿದ್ದರೂ ಓದಿ, ನಿಮ್ಮ ಪುಣ್ಯ ಅಂದುಕೊಂಡು.

ನನಗೆ ಆದದ್ದು ಹಿಮಾಲಯದ ಒಂದು ಕೆರೆಯ ದಂಡೆಯಲ್ಲಿ. ಹೌದು, ನನಗೇ. ಮಣಿಪಾಲದಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡು ಕಾಲೇಜು ಮಕ್ಕಳ ಪ್ರಾಜೆಕ್ಟ್ ರಿಪೋರ್ಟಿಗೆ ಸ್ಪೈರಲ್ ಬೈಂಡಿಂಗ್ ಹಾಕಿಕೊಡುವ ನಾನು, ಮಂಡಿನೋವು ಶುರುವಾಗುವ ವಯಸ್ಸಿನಲ್ಲಿ ಬೆನ್ನಿಗೆ ಚೀಲ ಕಟ್ಟಿಕೊಂಡು ಹಿಮಾಚಲದ ಬೆಟ್ಟ ಹತ್ತಿದೆ. ಫೋಟೋ ಹಾಕಿದ್ದೆ, ನೀವೆಲ್ಲ ಲೈಕ್ ಒತ್ತಿದಿರಿ. ‘ಸೂಪರ್ ಜೋಡಿ’ ಅಂತ ಬರೆದವರೂ ಇದ್ದೀರಿ. ಆ ಜೋಡಿಯ ಕಥೆ ಇದು. ಇವರಿಗೆ ಹೇಳಿಯೇ ಬರೆಯುತ್ತಿದ್ದೇನೆ. ‘ಹೆಸರು ಹಾಕಬೇಡ’ ಅಂದರು, ಅಷ್ಟೆ.

ಇವರು ಅಂದರೆ ನನ್ನ ಗಂಡ. ಕಾರ್ಕಳದವರು, ಮನೆಮಾತು ತುಳು. ಕಾಪುವಿನಲ್ಲಿ ಹೈವೇ ಪಕ್ಕ ಟಯರ್ ಅಂಗಡಿ. ನಾನು ಗದಗದ ಕಡೆಯವಳು. ಅಪ್ಪ ಅಮ್ಮ ಕಟ್ಟಡದ ಕೆಲಸಕ್ಕೆಂದು ಮಣಿಪಾಲಕ್ಕೆ ಬಂದಾಗ ಎಸ್ಸೆಸ್ಸೆಲ್ಸಿ ಮುಗಿಸಿ ಅವರ ಹಿಂದೆ ಬಂದೆ. ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ. ಇವರು ಅಲ್ಲಿಗೆ ಗಾಡಿಯ ಆರ್‌ಸಿ ಜೆರಾಕ್ಸ್ ಮಾಡಿಸಲಿಕ್ಕೆ ಬರುತ್ತಿದ್ದರು. ಒಂದೇ ಆರ್‌ಸಿಯನ್ನು ವಾರಕ್ಕೊಮ್ಮೆ ಜೆರಾಕ್ಸ್ ಮಾಡಿಸುವವರನ್ನು ನೀವು ನೋಡಿದ್ದೀರಾ? ನಾನು ನೋಡಿ, ಮದುವೆಯೂ ಆದೆ.

ನಮ್ಮ ಮನೆಯಲ್ಲಿ ಜಗಳಕ್ಕೆ ಎರಡು ಭಾಷೆ, ರಾಜಿಗೆ ಒಂದು. ಸಿಟ್ಟು ಬಂದರೆ ಇವರು ತುಳುವಿಗೆ ಹೋಗುತ್ತಾರೆ, ನಾನು ಗದಗಕ್ಕೆ ಹೋಗುತ್ತೇನೆ. ತಣ್ಣಗಾದ ಮೇಲೆ ಇಬ್ಬರೂ ಉಡುಪಿಯ ಕನ್ನಡಕ್ಕೆ ವಾಪಸು ಬರುತ್ತೇವೆ. ಮಗಳು ಚಿಕ್ಕವಳಿದ್ದಾಗ ಕೇಳುತ್ತಿದ್ದಳು, ‘ಅಮ್ಮ, ಈಗ ಕನ್ನಡಕ್ಕೆ ಬಂದಿರಾ? ನಾನು ಹೊರಗೆ ಬರಬಹುದಾ?’

ನನ್ನ ತುಳುವಿನ ಕಥೆ ಇಲ್ಲೇ ಹೇಳಬೇಕು, ಇಲ್ಲದಿದ್ದರೆ ಮುಂದಿನದ್ದು ಅರ್ಥವಾಗುವುದಿಲ್ಲ.

ಮದುವೆಯಾಗಿ ಕಾರ್ಕಳದ ಮನೆಗೆ ಬಂದ ಹೊಸತು. ಅತ್ತೆ ಬೆಳಿಗ್ಗೆಯಿಂದ ಒಲೆಯ ಮುಂದೆ ನಿಂತಿದ್ದರು. ಮಧ್ಯಾಹ್ನ ಎಲೆ ಹಾಕಿಯಾಯಿತು. ಬಸ್ಸಿನಲ್ಲಿ, ಅಂಗಡಿಯಲ್ಲಿ ಕೇಳಿ ಕೇಳಿ ಕಲಿತ ತುಳುವನ್ನು ತೋರಿಸಬೇಕು ಅಂತ ನನಗೆ ಉಮೇದು. ‘ಮಾಮಿ, ಎಂಕುಲು ಒಣಸ್ ಮಲ್ಪುವ’ ಎಂದೆ. ಬನ್ನಿ, ನಾವೆಲ್ಲ ಊಟ ಮಾಡೋಣ ಎಂದು ನನ್ನ ಮನಸ್ಸಿನಲ್ಲಿ.

ಅತ್ತೆ ಸೌಟು ಕೆಳಗಿಟ್ಟರು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ನನಗೆ ಚೆನ್ನಾಗಿ ಗೊತ್ತಾಗಲಿ ಅಂತ ಕನ್ನಡದಲ್ಲೇ ಹೇಳಿದರು, ‘ಆಯಿತು ಮಾರಾಯ್ತಿ. ನೀವು ಉಣ್ಣಿ. ನಾನು ಇಲ್ಲೇ ಹೊಗೆ ಕುಡಿದುಕೊಂಡು ಇರ್ತೇನೆ.’

ಆಗಲೇ ತುತ್ತು ಬಾಯಿಗಿಟ್ಟಿದ್ದ ಇವರಿಗೆ ನಕ್ಕ ನಗೆಗೆ ಅನ್ನ ನೆತ್ತಿಗೆ ಹತ್ತಿತು. ಕೆಮ್ಮಿ, ನೀರು ಕುಡಿದು, ಕಣ್ಣೊರೆಸಿಕೊಂಡು ನನಗೆ ಪಾಠ ಮಾಡಿದರು.

‘ತುಳುವಿನಲ್ಲಿ ನಾವು ಅನ್ನಲಿಕ್ಕೆ ಎರಡು ಉಂಟು. ನಮ ಅಂದರೆ ನೀನೂ ಸೇರಿ ನಾವು. ಎಂಕುಲು ಅಂದರೆ ನಿನ್ನನ್ನು ಬಿಟ್ಟು ನಾವು. ನೀನು ಅಮ್ಮನಿಗೆ ಹೇಳಿದ್ದು ಎಂತ ಗೊತ್ತುಂಟಾ? ನಾವು ಉಣ್ತೇವೆ, ನಿನಗಿಲ್ಲ ಅಂತ!’

‘ಅಯ್ಯೋ, ಮತ್ತೆ ಹೇಗೆ ಹೇಳುವುದು?’

‘ನಮ ಒಣಸ್ ಮಲ್ಪುಗ.’

ಅತ್ತೆ ಒಳಗಿನಿಂದ ಕೂಗಿದರು, ‘ಈಗ ಹೇಳಿಕೊಟ್ಟು ಎಂತ ಪ್ರಯೋಜನ? ನನಗೆ ಹಸಿವು ಹೋಯಿತು!’ ಆದರೂ ಬಂದು ನನ್ನ ಪಕ್ಕದಲ್ಲೇ ಕೂತು ಉಂಡರು. ಮುಂದೆ ವರ್ಷಗಟ್ಟಲೆ ಇದು ನಮ್ಮ ಮನೆಯ ಜೋಕು. ಯಾರಾದರೂ ಒಬ್ಬರನ್ನು ಬಿಟ್ಟು ಸಿನಿಮಾಕ್ಕೆ ಹೊರಟರೆ, ‘ಎಂಕುಲಾ?’ ಅಂತ ಕೇಳುವುದು. ಉತ್ತರ ಕೊಡಬೇಕಾದ್ದು, ‘ಇಲ್ಲ ಇಲ್ಲ, ನಮ.’

ಈಗ ಈಚಿನ ವರ್ಷಗಳಿಗೆ ಬರುತ್ತೇನೆ. ಇವರು ಕಾರ್ಕಳದಲ್ಲಿ ಇನ್ನೊಂದು ಅಂಗಡಿ ತೆರೆದರು. ಮೊದಲು ಕೆಲಸ ಜಾಸ್ತಿ ಇದ್ದ ದಿನ ಅಲ್ಲೇ ಉಳಿದರು. ಆಮೇಲೆ ಕೆಲಸ ಇಲ್ಲದ ದಿನವೂ ಉಳಿದರು. ಉಡುಪಿಯ ನಮ್ಮ ಮನೆಗೆ ಶನಿವಾರ ಬಂದು ಸೋಮವಾರ ಹೋಗುವುದಾಯಿತು. ಆಮೇಲೆ ಭಾನುವಾರ ಬಂದು ಭಾನುವಾರವೇ ಹೋಗುವುದಾಯಿತು. ಕೇಳಿದರೆ, ‘ಎಂತ ಇಲ್ಲ ಮಾರಾಯ್ತಿ’ ಅನ್ನುವುದು. ಇನ್ನೊಬ್ಬಳು ಇದ್ದಾಳಾ ಅಂತ ಕೇಳಬೇಡಿ. ಎಲ್ಲರೂ ಮೊದಲು ಅದನ್ನೇ ಕೇಳುತ್ತಾರೆ. ಇಲ್ಲ. ಇದ್ದಿದ್ದರೆ ಹಿಡಿದು ಜಗಳ ಮಾಡಲಿಕ್ಕೆ ಒಂದು ಜುಟ್ಟಾದರೂ ಇರುತ್ತಿತ್ತು.

ಒಂದು ಭಾನುವಾರ ಸಂಜೆ ಕಾಪು ಬೀಚಿನ ಹತ್ತಿರ ಕಾರು ನಿಲ್ಲಿಸಿ ಇವರೇ ಮಾತು ತೆಗೆದರು. ‘ಹೀಗೆ ಎಷ್ಟು ದಿನ?’ ಎಂದರು. ನಾನೂ ಅದನ್ನೇ ಕೇಳಬೇಕೆಂದು ಇದ್ದವಳು. ಬೇರೆ ಬೇರೆ ಇರುವ ಮಾತು ಅವತ್ತು ಮೊದಲ ಸಲ ಇಬ್ಬರ ಬಾಯಲ್ಲೂ ಬಂತು. ಇಬ್ಬರೂ ಅಳಲಿಲ್ಲ. ಗಾಳಿಗೆ ಮರಳು ಬಂದು ಗಾಜಿಗೆ ಬಡಿಯುತ್ತಿತ್ತು.

ಮಗಳಿಗೆ ನಾವು ಏನೂ ಹೇಳಿರಲಿಲ್ಲ. ಹೇಳಬೇಕಾ? ಮಕ್ಕಳಿಗೆ ಗೋಡೆಯೂ ಹೇಳುತ್ತದೆ. ಅವಳು ತನ್ನ ಮೊದಲ ಸಂಬಳದಲ್ಲಿ ನಮ್ಮಿಬ್ಬರಿಗೆ ಒಂದು ಟ್ರೆಕ್ಕಿಂಗ್ ಬುಕ್ ಮಾಡಿಬಿಟ್ಟಳು. ಹಿಮಾಚಲ, ಎತ್ತರದ ಕೆರೆಗಳು, ಗುಂಪಿನ ಜೊತೆ, ಟೆಂಟು. ಹೆಸರು ‘ವೀಕೆಂಡ್ ಟ್ರೆಕ್’. ವೀಕೆಂಡ್ ಯಾರಿಗೆ? ದಿಲ್ಲಿಯವರಿಗೆ. ನಮಗೆ ಮಂಗಳೂರಿನಿಂದ ವಿಮಾನ, ಬೆಂಗಳೂರಿನಲ್ಲಿ ಇನ್ನೊಂದು ವಿಮಾನ, ದಿಲ್ಲಿಯಿಂದ ಬೆಳಗಿನವರೆಗೆ ಬಸ್ಸು. ಶುಕ್ರ ಶನಿ ಭಾನು ನಡೆಯಲಿಕ್ಕೆ ಹೋಗಿ ಬರುವುದರಲ್ಲೇ ಒಂದು ವಾರದ ಅಂಗಡಿ ಬಾಗಿಲು ಬಂದ್.

‘ಹೋಗುವ’ ಎಂದರು ಇವರು. ‘ಹೋಗಿ ಬಂದ ಮೇಲೆ ನೋಡುವ. ಸರಿಯಾದರೆ ಆಯಿತು. ಆಗದಿದ್ದರೆ ಮಗಳಿಗೆ ಹೇಳುವ.’

ನಾನು ಒಪ್ಪಿದೆ. ನಿಜ ಹೇಳುತ್ತೇನೆ, ನನಗೆ ಆಸೆ ಇತ್ತು. ತುಂಬಾ ಇತ್ತು.

ತಯಾರಿಗೆಂದು ಒಟ್ಟಿಗೆ ನಡೆಯಲಿಕ್ಕೆ ಶುರುಮಾಡಿದೆವು. ಬೆನ್ನಿನ ಚೀಲಕ್ಕೆ ಕುಚ್ಚಲಕ್ಕಿ ತುಂಬಿಕೊಂಡು ಕಾಪುವಿನ ಮರಳಿನಲ್ಲಿ ದೀಪಸ್ತಂಭದಿಂದ ಉಚ್ಚಿಲದ ದಿಕ್ಕಿಗೆ ನಡೆಯುವುದು, ವಾಪಸು ಬರುವುದು. ಬೀಚ್ ರಸ್ತೆಯಲ್ಲಿ ಒಬ್ಬರು ಬ್ಯಾರಿ ಕಾಕನ ಲಿಂಬು ಸೋಡಾ ಅಂಗಡಿ ಉಂಟು. ಅವರು ನಮ್ಮ ಚೀಲ ನೋಡಿ ಒಂದು ದಿನ ತಡೆಯಲಾಗದೆ ಕೇಳಿಯೇಬಿಟ್ಟರು.

‘ಎಂತ ಅಕ್ಕ, ಜಗಳ ಮಾಡಿ ಮನೆ ಬಿಟ್ಟದ್ದಾ?’

‘ಹೌದು ಕಾಕ’ ಎಂದರು ಇವರು.

‘ಇಬ್ಬರೂ ಒಟ್ಟಿಗೆ ಬಿಟ್ಟರೆ ಹೇಗೆ ಮಾರಾಯ್ರೆ? ಒಬ್ಬರಾದರೂ ಮನೆಯಲ್ಲಿ ಇರಬೇಕಲ್ವಾ, ಕರೆಯಲಿಕ್ಕೆ?’

ಮೂವರೂ ನಕ್ಕೆವು. ಇವರು ನಗುತ್ತಾ ನನ್ನ ಚೀಲವನ್ನು ತೆಗೆದು ತಮ್ಮ ಹೆಗಲಿಗೆ ಹಾಕಿಕೊಂಡರು. ಇಂಥದ್ದನ್ನೆಲ್ಲ ನಾನು ಆಗ ಮನಸ್ಸಿನಲ್ಲಿ ಕೂಡಿಸಿಡುತ್ತಿದ್ದೆ.

ಹೊರಡುವ ಮೊದಲು ಕಾರ್ಕಳಕ್ಕೆ ಹೋಗಿ ಅತ್ತೆಗೆ ಹೇಳಿದೆವು. ಹಿಮಾಲಯದ ಗುಡ್ಡೆಗೆ ಹೋಗುತ್ತೇವೆ ಎಂದೆವು. ನಮ್ಮ ಕಡೆ ಹಳಬರಿಗೆ ಗುಡ್ಡೆಗೆ ಹೋಗುವುದೆಂದರೆ ಚೊಂಬು ಹಿಡಿದುಕೊಂಡು ಹೋಗುವುದು. ಅತ್ತೆ ಮಗನನ್ನು ನೋಡಿ, ‘ಅದಕ್ಕೆ ವಿಮಾನ ಯಾಕೆ? ಹಿತ್ತಿಲಲ್ಲಿ ಕಟ್ಟಿಸಿದ್ದು ಉಂಟಲ್ಲ?’ ಎಂದರು. ಆಮೇಲೆ ನನ್ನ ಕೈ ಹಿಡಿದು, ‘ಬರುವಾಗ ನನಗೆ ಒಂದು ಶಾಲು ತಾ’ ಎಂದರು.

ಮೊದಲ ದಿನ ದೇವದಾರು ಮರಗಳ ನಡುವೆ ಹತ್ತಿದೆವು. ಮರಗಳು ಮುಗಿದ ಮೇಲೆ ಹುಲ್ಲು, ಹುಲ್ಲು ಮುಗಿದ ಮೇಲೆ ಕಲ್ಲು. ಸಮುದ್ರದ ಮಟ್ಟದಲ್ಲಿ ಬದುಕುವ ನಮಗೆ ಅಲ್ಲಿ ಉಸಿರು ಎಳೆದರೆ ಅರ್ಧವೇ ಬರುತ್ತದೆ. ನಾಲ್ಕು ಹೆಜ್ಜೆ ಇಡುವುದು, ಕೋಲಿಗೆ ಒರಗಿ ನಿಲ್ಲುವುದು. ನಮ್ಮ ಗುಂಪಿನ ದಿಲ್ಲಿಯ ಹುಡುಗಿಯರು ಹಾಡು ಹೇಳಿಕೊಂಡು ನಮ್ಮನ್ನು ದಾಟಿ ಹೋಗುತ್ತಿದ್ದರು. ಇವರಿಗೆ ತಲೆನೋವು ಶುರುವಾಯಿತು. ನಾನು ಬೆಳ್ಳುಳ್ಳಿ ಬೇಯಿಸಿದ ಸೂಪು ಕೇಳಿ ತಂದು ಕುಡಿಸಿದೆ. ಊಟಕ್ಕೆ ದಪ್ಪ ರೊಟ್ಟಿ, ಬೇಳೆ. ಇವರ ಮುಖ ನೋಡಿದರೆ ಗಂಜಿ ನೆನಪಾಗುತ್ತಿದೆ ಅಂತ ಗೊತ್ತಾಗುತ್ತಿತ್ತು. ನನ್ನ ಚೀಲದಲ್ಲಿ ಅಮ್ಮ ಮಾಡಿಕೊಟ್ಟ ಶೇಂಗಾ ಚಟ್ನಿಪುಡಿ ಇತ್ತು. ವರ್ಷಗಳಿಂದ ಅದನ್ನು ‘ನಿಮ್ಮ ಗದಗದ ಮಣ್ಣು’ ಅಂತ ತಮಾಷೆ ಮಾಡುತ್ತಿದ್ದವರು, ಅವತ್ತು ರೊಟ್ಟಿಗೆ ಸುರಿದುಕೊಂಡು ತಿಂದು, ‘ಇನ್ನು ಸ್ವಲ್ಪ ಹಾಕು’ ಎಂದು ತಟ್ಟೆ ಚಾಚಿದರು. ಅದನ್ನೂ ಕೂಡಿಸಿಟ್ಟೆ.

ಎರಡನೆಯ ದಿನ ಬೆಟ್ಟದ ಏಣಿನ ಮೇಲೆ ನಡೆಯಬೇಕಿತ್ತು. ಏಣು ಅಂದರೆ ನಮ್ಮ ಗದ್ದೆಯ ಬದುವಿನ ಹಾಗೆ, ಎರಡೂ ಕಡೆ ಗದ್ದೆಯ ಬದಲಿಗೆ ಆಕಾಶ. ಕೆಳಗೆ ಎಡಗಡೆ ಒಂದು ಕೆರೆ, ಬಲಗಡೆ ಒಂದು ಕೆರೆ. ಎಡಗಡೆಯದ್ದು ಹಸಿರು, ಬಲಗಡೆಯದ್ದು ಶಾಯಿ ಚೆಲ್ಲಿದ ಹಾಗೆ ಕಡುನೀಲಿ. ಒಂದೇ ಮಳೆಯ ನೀರು ಈ ಏಣಿನ ಮೇಲೆ ಬಿದ್ದರೆ ಅರ್ಧ ಅಲ್ಲಿಗೆ, ಅರ್ಧ ಇಲ್ಲಿಗೆ. ಒಮ್ಮೆ ಬೇರೆಯಾದ ನೀರು ಮತ್ತೆ ಸೇರುವುದು ಎಲ್ಲಿಯೋ ಕೆಳಗೆ, ಸೇರಿದರೆ.

ಅಲ್ಲಿ ಹಿಂದಿನಿಂದ ಇನ್ನೊಂದು ಗುಂಪು ಬಂತು. ಅವರಲ್ಲಿ ಹಿಂದಿಯಲ್ಲಿ ಮಾತಾಡುತ್ತಿದ್ದ ಒಬ್ಬನ ಕಾಲು ಜಾರಿದಾಗ ಬಾಯಿಂದ ಬಂದದ್ದು ತುಳು ಬೈಗುಳ. ಇವರು ಥಟ್ಟನೆ ತಿರುಗಿದರು.

‘ತುಳುವೆರಾ?’

‘ಅಂದ್ ಮಾರಾಯ್ರೆ! ಪಡುಬಿದ್ರಿ!’ ಅಂದ ಅವನು, ಹೌದು ಅಂತ. ಗಲ್ಫಿನಲ್ಲಿ ಕೆಲಸ, ರಜೆಯಲ್ಲಿ ಬಂದದ್ದು. ‘ನಿಕುಲು ಓಲ್ತಕುಲು?’ ಅಂದರೆ, ನೀವು ಎಲ್ಲಿಯವರು.

ಇವರು ಪಕ್ಕದಲ್ಲಿದ್ದ ನನ್ನ ಹೆಗಲ ಮೇಲೆ ಕೈ ಇಟ್ಟು ಹೇಳಿದರು, ‘ಎಂಕುಲು ಉಡುಪಿದಕುಲು.’

ನಾವು ಉಡುಪಿಯವರು. ಇದರಲ್ಲಿ ಹೊರಗೆ ಉಳಿದವನು ಪಡುಬಿದ್ರಿಯವನು. ನಾನು ಒಳಗೆ ಇದ್ದೆ. ಕಾರ್ಕಳ ಅನ್ನದೆ ಉಡುಪಿ ಅಂದರು, ನಮ್ಮ ಮನೆ ಇರುವ ಊರು. ಆ ಎತ್ತರದಲ್ಲಿ ಉಸಿರು ಸಿಗದೆ ನಿಂತಿದ್ದ ನನಗೆ ಎದೆ ತುಂಬ ಗಾಳಿ ಬಂದ ಹಾಗಾಯಿತು. ಹುಚ್ಚಿ ನಾನು. ಪಡುಬಿದ್ರಿಯವನೇ ನಮ್ಮ ಫೋಟೋ ತೆಗೆದದ್ದು. ‘ಅಕ್ಕ, ಸ್ವಲ್ಪ ಅಣ್ಣನ ಹತ್ತಿರ ನಿಲ್ಲಿ. ಎಂತ, ನಿನ್ನೆ ಮದುವೆ ಆದವರ ಹಾಗೆ ನಾಚಿಕೆ!’ ಅಂದ. ನೀವು ಲೈಕ್ ಒತ್ತಿದ ಫೋಟೋ ಅದೇ.

ಅವನ ಗುಂಪಿನದ್ದೂ ನಮ್ಮದೂ ಅವತ್ತು ಒಂದೇ ಕಡೆ ಟೆಂಟು. ಸಂಜೆಯೆಲ್ಲ ಅವನೂ ಇವರೂ ಕೂತು ಮೀನು, ಬಸ್ಸು, ಹೈವೇ, ಊರಿನ ಸುದ್ದಿ. ಎಷ್ಟೋ ದಿನಗಳ ಮೇಲೆ ಇವರು ಹೊಟ್ಟೆ ತುಂಬ ಮಾತಾಡಿದ್ದನ್ನು ನಾನು ಕೇಳುತ್ತಾ ಕೂತಿದ್ದೆ. ಎಲ್ಲ ತುಳು.

ಮರುದಿನ ಬೆಳಿಗ್ಗೆ ಕೆಳಗೆ ಇಳಿಯುವ ಮೊದಲು ನಾವಿಬ್ಬರೇ ಆ ಹಸಿರು ಕೆರೆಯ ದಂಡೆಗೆ ಹೋದೆವು. ಬಿಸಿಲು ಚೆನ್ನಾಗಿತ್ತು. ಶೂ ಬಿಚ್ಚಿ ನೀರಿಗೆ ಕಾಲು ಇಟ್ಟೆವು. ಇಟ್ಟ ಕೂಡಲೇ ಕಿರುಚಿ ತೆಗೆದೆವು. ಮತ್ತೆ ಇಟ್ಟೆವು. ಯಾರು ಹೆಚ್ಚು ಹೊತ್ತು ಇಡುತ್ತಾರೆ ಅಂತ ಪಂಥ. ನಾನು ಗೆದ್ದೆ. ಇವರು ಟವೆಲಿನಿಂದ ನನ್ನ ಕಾಲು ಉಜ್ಜಿ ಬಿಸಿ ಮಾಡಿದರು. ಮದುವೆ ಉಳಿಯಿತು ಎಂದು ನನಗೆ ಅನಿಸಿದ್ದು ಆಗ. ಖಚಿತವಾಗಿ ಅನಿಸಿದ್ದು.

ಆ ಧೈರ್ಯದಲ್ಲಿ ಕೇಳಿದೆ, ‘ಈ ಸಲ ದೀಪಾವಳಿ ಎಲ್ಲಿ?’

ಇವರು ಕೆರೆಯನ್ನು ನೋಡುತ್ತಾ ಇದ್ದರು. ಹಿಂದಿನ ಸಂಜೆಯಿಂದ ನಾಲಿಗೆ ತುಳುವಿನಲ್ಲೇ ಇತ್ತೋ ಏನೋ. ‘ಪರ್ಬೊಗು ಎಂಕುಲು ಕಾರ್ಲಡೇ ಉಪ್ಪುವ’ ಎಂದರು.

ಹಬ್ಬಕ್ಕೆ ನಾವು ಕಾರ್ಕಳದಲ್ಲೇ ಇರುತ್ತೇವೆ.

ಕನ್ನಡದಲ್ಲಿ ಹೇಳಿದ್ದರೆ ನಾನು ಖುಷಿಯಿಂದ ‘ಸರಿ, ಹಾಗಾದರೆ ನನ್ನ ಅಂಗಡಿಯ ಪೂಜೆ ಮುಗಿಸಿ ಬರುತ್ತೇನೆ’ ಅನ್ನುತ್ತಿದ್ದೆ. ಕನ್ನಡದ ‘ನಾವು’ ಒಳಗೆ ಯಾರಿದ್ದಾರೆ, ಯಾರಿಲ್ಲ ಅಂತ ಹೊರಗಿನಿಂದ ಕಾಣುವುದಿಲ್ಲ. ಇಷ್ಟು ವರ್ಷ ನಮ್ಮ ಸಂಸಾರ ಅದರ ಮರೆಯಲ್ಲೇ ನಡೆಯಿತೇನೋ. ತುಳುವಿನಲ್ಲಿ ಅಂಥ ಮರೆ ಇಲ್ಲ. ನನಗೇ ಹೇಳುತ್ತಿದ್ದಾರೆ, ನನ್ನ ಕಾಲು ಇನ್ನೂ ಅವರ ಕೈಯಲ್ಲಿ ಉಂಟು, ಮತ್ತು ಹೇಳಿದ್ದು ಎಂಕುಲು. ನಿನ್ನನ್ನು ಬಿಟ್ಟು ನಾವು.

ನಾನು ಕಾಲು ಎಳೆದುಕೊಂಡೆ.

‘ಎಂಕುಲು ಅಂದರೆ ಯಾರ್ಯಾರು?’

ಇವರಿಗೆ ಮೊದಲು ಅರ್ಥವಾಗಲಿಲ್ಲ. ‘ಎಂತ?’

‘ಈಗ ನೀವು ಹೇಳಿದಿರಲ್ಲ. ಎಂಕುಲು. ಯಾರ್ಯಾರು?’

ಅವರ ಮುಖ ನಿಧಾನಕ್ಕೆ ಬದಲಾಯಿತು. ಏನು ಹೇಳಿದೆ ಎಂದು ಬಾಯೊಳಗೇ ಮತ್ತೆ ಹೇಳಿಕೊಂಡದ್ದು ನನಗೆ ಕಂಡಿತು. ‘ಇಲ್ಲ ಮಾರಾಯ್ತಿ... ತಪ್ಪಿ ಬಂತು’ ಎಂದರು.

‘ನನಗೆ ತಪ್ಪುತ್ತದೆ. ನಿಮಗೆ ತಪ್ಪುವುದಿಲ್ಲ.’

ಅದು ನಿಜ. ಅದನ್ನು ಅವರೂ ಬಲ್ಲರು. ಹುಟ್ಟಿದ ಭಾಷೆಯಲ್ಲಿ ಯಾರಿಗೂ ಅದು ತಪ್ಪುವುದಿಲ್ಲ. ಎರಡು ವರ್ಷದ ಮಗುವಿಗೂ ತಪ್ಪುವುದಿಲ್ಲ.

ನನಗೆ ಗದಗ ಬಂದುಬಿಟ್ಟಿತು. ‘ನನ್ನ ಬಿಟ್ಟು ಅಂತ ನೆಟ್ಟಗ ಹೇಳ್ರಿ. ಇಲ್ಲೀತನಕ ಕರ್ಕೊಂಡ್ ಬಂದು, ಕಾಲ್ ಬ್ಯಾರೆ ಒರಿಸಿ... ಯಾಕ್ರೀ? ಯಾಕ ಒರಿಸಿದ್ರಿ?’

ಇವರು ಟವೆಲನ್ನು ಮಡಚಿ ಪಕ್ಕಕ್ಕಿಟ್ಟರು. ತುಳುವಿಗೂ ಹೋಗಲಿಲ್ಲ, ಜಗಳಕ್ಕೂ ಬರಲಿಲ್ಲ. ಆಮೇಲೆ ಕನ್ನಡದಲ್ಲಿ, ತುಂಬಾ ಮೆಲ್ಲಗೆ ಹೇಳಿದರು. ‘ನಿನ್ನ ಮೇಲೆ ನನಗೆ ಸಿಟ್ಟು ಇಲ್ಲ. ಪ್ರಯತ್ನ ಮಾಡಿದೆ. ನಿಜವಾಗಿ ಮಾಡಿದೆ. ಆದರೆ ಮನೆ ಅಂದ ಕೂಡಲೆ ನನಗೆ ಕಾರ್ಕಳವೇ ಕಾಣುವುದು. ಅಮ್ಮ, ನಾನು, ಅಂಗಡಿ. ಯಾಕೆ ಹೀಗಾಯಿತು ಅಂತ ನನಗೂ ಗೊತ್ತಿಲ್ಲ.’

‘ಮಗಳು?’

‘ಅವಳು ಎರಡೂ ಕಡೆ.’

ಬೇರೆ ಎಂತ ಕೇಳುವುದು? ಶೂ ಹಾಕಿಕೊಂಡೆ. ಲೇಸು ಕಟ್ಟಲಿಕ್ಕೆ ಬೆರಳು ಬರಲಿಲ್ಲ. ಚಳಿಗೆ ಅಂತ ಹೇಳಿದೆ. ಅವರು ಕಟ್ಟಿಕೊಡಲಿಕ್ಕೆ ಬಗ್ಗಿದರು, ಮತ್ತೆ ಏನೋ ಯೋಚಿಸಿ ನೆಟ್ಟಗಾದರು. ನನಗೆ ಅದೇ ಹೆಚ್ಚು ನೋವಾಯಿತು.

ಇಳಿಯುವಾಗ ಅವರು ಮುಂದೆ, ನಾನು ಹಿಂದೆ. ಬರುವಾಗ ಚಂದ ಕಂಡ ಕಲ್ಲುಗಳೆಲ್ಲ ಈಗ ಬರೀ ಕಲ್ಲು. ಒಂದು ಕಡೆ ದೊಡ್ಡ ಬಂಡೆಗಳ ನಡುವೆ ನೀರು ಹರಿಯುತ್ತಿತ್ತು, ದಾಟಬೇಕಿತ್ತು. ಅವರು ದಾಟಿ, ತಿರುಗಿ, ಕೈ ಚಾಚಿದರು. ಇಷ್ಟು ವರ್ಷ ಬಸ್ಸಿನ ಮೆಟ್ಟಿಲಿನಲ್ಲಿ, ದೋಣಿಯಲ್ಲಿ, ಆಸ್ಪತ್ರೆಯ ಪಾವಟಿಗೆಯಲ್ಲಿ ಚಾಚಿದ ಅದೇ ಕೈ. ನಾನು ಹಿಡಿದುಕೊಂಡೆ. ಹಿಡಿಯದೆ ಬೀಳಬೇಕಿತ್ತಾ? ಸಿನಿಮಾದಲ್ಲಾದರೆ ಹಿಡಿಯುವುದಿಲ್ಲ. ನನಗೆ ಮಂಡಿನೋವು ಉಂಟು. ಆಚೆ ದಡ ಸಿಕ್ಕ ಕೂಡಲೇ ಇಬ್ಬರೂ ಬಿಟ್ಟೆವು.

ದಾರಿಯಲ್ಲಿ ಪಡುಬಿದ್ರಿಯವನು ಸಿಕ್ಕಿ, ‘ಊರಿಗೆ ಬಂದಾಗ ಮನೆಗೆ ಬರ್ತೇನೆ ಅಕ್ಕ, ಬಂಗುಡೆ ಮೀನಿನ ಗಸಿ ಮಾಡಿ ಇಡಿ’ ಎಂದ. ನಾನು ‘ಬಾ’ ಎಂದೆ. ಯಾವ ಮನೆಗೆ ಅಂತ ಹೇಳಲಿಲ್ಲ.

ಉಡುಪಿಗೆ ಬಂದು ಮಗಳಿಗೆ ಹೇಳಿದೆವು. ಅವಳು ನಮ್ಮಿಬ್ಬರನ್ನೂ ನೋಡಿ ಕೇಳಿದ್ದು ಒಂದೇ. ‘ಅಲ್ಲಿಗೆ ಕಳಿಸಿದ್ದು ತಪ್ಪಾಯಿತಾ?’ ಇವರು ಅವಳನ್ನು ತಬ್ಬಿಕೊಂಡು, ‘ಇಲ್ಲ ಮಗಾ, ಕೆರೆ ತುಂಬಾ ಚಂದ ಇತ್ತು’ ಎಂದರು. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ.

ಅತ್ತೆಗೆ ಶಾಲು ಕೊಡಬೇಕಿತ್ತಲ್ಲ. ಮಗನ ಕೈಯಲ್ಲಿ ಕಳಿಸಬಹುದಿತ್ತು. ಮನಸ್ಸು ಬರಲಿಲ್ಲ. ಒಂದು ಮಧ್ಯಾಹ್ನ ಅಂಗಡಿ ಮುಚ್ಚಿ ಕಾರ್ಕಳದ ಬಸ್ಸು ಹತ್ತಿದೆ. ಇವರು ಅಂಗಡಿಯಲ್ಲಿದ್ದರು. ಅತ್ತೆಗೆ ವಿಷಯ ಗೊತ್ತಿತ್ತೋ ಇಲ್ಲವೋ ನನಗೆ ಈಗಲೂ ತಿಳಿಯದು. ಶಾಲನ್ನು ಆ ಸೆಕೆಯಲ್ಲೇ ಹೊದ್ದುಕೊಂಡು ಕನ್ನಡಿ ನೋಡಿದರು. ‘ಕುರಿ ವಾಸನೆ ಬರ್ತದೆ, ಆದರೆ ಒಳ್ಳೆಯದುಂಟು’ ಎಂದರು.

ನಾನು ಹೊರಡಲಿಕ್ಕೆ ಎದ್ದೆ. ಅತ್ತೆ ಒಳಗೆ ಹೋಗಿ ಎರಡು ತಟ್ಟೆ ಹಾಕಿದ ಸದ್ದು ಕೇಳಿತು. ಅಡುಗೆಮನೆಯ ಬಾಗಿಲಲ್ಲಿ ನಿಂತು, ಆ ಕುರಿ ಶಾಲು ಹೆಗಲ ಮೇಲೆ ಇದ್ದ ಹಾಗೆಯೇ, ಕರೆದರು.

‘ಬಲ, ನಮ ಒಣಸ್ ಮಲ್ಪುಗ.’

ಬಾ, ನಾವು ಊಟ ಮಾಡೋಣ. ನಮ. ನೀನೂ ಸೇರಿ.

ಕೆರೆಯ ಹತ್ತಿರ ಬಾರದ ಅಳು ಆಗ ಬಂತು. ತಟ್ಟೆಯ ಮುಂದೆ ಕೂತು, ತುತ್ತು ಬಾಯಲ್ಲಿಟ್ಟುಕೊಂಡೇ ಅತ್ತುಬಿಟ್ಟೆ. ಅತ್ತೆ ‘ಎಂತ, ಖಾರ ಆಯಿತಾ?’ ಎಂದು ಕೇಳಿ, ಉತ್ತರಕ್ಕೆ ಕಾಯದೆ, ತಟ್ಟೆಗೆ ಇನ್ನಷ್ಟು ಮಜ್ಜಿಗೆ ಹಾಕಿದರು. ಊಟ ಪೂರ್ತಿ ಮಾಡಿದೆ. ತಟ್ಟೆ ತೊಳೆದಿಟ್ಟು ಬಸ್ಸಿಗೆ ಬಂದೆ.

ದೀಪಾವಳಿ ಮುಗಿಯಿತು. ಹೇಳಿದ ಹಾಗೆಯೇ ಇವರೂ ಅತ್ತೆಯೂ ಕಾರ್ಕಳದಲ್ಲಿ ಇದ್ದರು. ಮಗಳು ಬೆಳಿಗ್ಗೆ ಅಲ್ಲಿ, ಸಂಜೆ ಇಲ್ಲಿ. ನಾನು ಅಂಗಡಿಯ ಮೆಷಿನ್ನಿಗೆ ಹೂವು ಇಟ್ಟು, ಉಡುಪಿಯ ಮನೆಯ ಹೊಸಿಲಿಗೆ ಹಣತೆ ಹಚ್ಚಿದೆ. ಪಕ್ಕದ ಮನೆಯವರು ‘ಎಂತ, ಈ ಸಲ ನೀವು ಕಾರ್ಕಳಕ್ಕೆ ಹೋಗಲಿಲ್ವಾ?’ ಎಂದು ಕೇಳಿದರು. ‘ಇಲ್ಲ, ನಾವು ಇಲ್ಲೇ’ ಎಂದೆ. ಹೇಳಿದ ಮೇಲೆ ನೋಡುತ್ತೇನೆ, ಮನೆಯಲ್ಲಿ ನಾನೊಬ್ಬಳೇ. ಅಭ್ಯಾಸ, ಇನ್ನೂ ಬಿಟ್ಟಿಲ್ಲ.

ಸಮಾಧಾನದ ಮಾತು ಕಾಮೆಂಟಿನಲ್ಲಿ ಹಾಕಬೇಡಿ, ‘ಕಾಲವೇ ಮದ್ದು’ ಅನ್ನಬೇಡಿ, ಇವರನ್ನು ಬೈಯಲೂ ಬೇಡಿ. ನನಗೆ ಬೇರೆಯದು ಬೇಕು. ನಿಮಗೆ ಗೊತ್ತಾದದ್ದು ಯಾವ ಪದದಿಂದ? ತುಳುವಿರಲಿ, ಕೊಂಕಣಿಯಿರಲಿ, ಬ್ಯಾರಿಯಿರಲಿ, ನಮ್ಮ ಗದಗದ ಮಾತಿರಲಿ. ಯಾರ ಹೆಸರೂ ಹಾಕದೆ ಆ ಒಂದು ಪದ ಬರೆಯಿರಿ, ಅದನ್ನು ಕೇಳಿದಾಗ ನೀವು ಎಲ್ಲಿ ಕೂತಿದ್ದಿರಿ ಅಂತ ಬರೆಯಿರಿ. ನಾನು ಎಲ್ಲವನ್ನೂ ಓದುತ್ತೇನೆ. ಮನೆಯಲ್ಲಿ ಈಗ ಸಮಯ ಬೇಕಾದಷ್ಟು ಉಂಟು.